ಉಳಿದ ಮೂರು ತಾಸು

ನಿಗಡಿಯಲ್ಲಿ, ಕನ್ನಡಕದ ಅಂಗಡಿಯ ಮೇಲೆ
ನನ್ನದೊಂದು ಕೋಣೆ. ಎರಡು ಕುರ್ಚಿ, ಒಂದು ಬಿಳಿಹಲಗೆ,
ಒಣಗುತ್ತ ಬಂದ ನೀಲಿ ಮಾರ್ಕರು.
ಬಾಗಿಲ ಮೇಲೆ ಕೋಚ್ ಎಂದಿದೆ.
ಕೆಳಗಿನ ಚಹಾದವನು ಇವತ್ತಿಗೂ ಕೇಳುತ್ತಾನೆ:
ಯಾವುದಕ್ಕೆ, ಕಬಡ್ಡಿಗೋ ಖೋಖೋಗೋ?

ಬಾಳಪ್ಪ ಜಂಬಗಿ ಬಂದದ್ದು ಕಂಪನಿಯ ಖರ್ಚಿನಲ್ಲಿ.
ಭೋಸರಿಯ ಕಾರ್ಖಾನೆ, ಹದಿನಾಲ್ಕು ವರ್ಷ,
ಈಗ ಶಿಫ್ಟಿನ ಮುಖ್ಯಸ್ಥನಾಗುವ ಯೋಗ.
ಅಡ್ಡಿ ಒಂದೇ: ಸೋಮವಾರದ ಮೀಟಿಂಗಿನಲ್ಲಿ
ಎದ್ದು ನಿಂತರೆ ದನಿ ಹೊರಡುವುದಿಲ್ಲ.
ಆರು ತಾಸು ಕೊಟ್ಟಿದ್ದರು, ಸರಿಪಡಿಸಿ ಎಂದು.
'ಕನ್ನಡದವ್ರು ಅಂದ್ರು, ಅದಕ್ಕ ಬಂದ್ನಿ' ಎಂದ.
ನನ್ನ ಕುಂದಾಪುರಕ್ಕೂ ಅವನ ಇಂಡಿಗೂ ನಡುವೆ
ಅರ್ಧ ಮಾತು ಉದುರಿಹೋದರೂ
ಇನ್ನರ್ಧದಲ್ಲಿ ಕೆಲಸ ಸಾಗಿತು.

ಮೊದಲ ತಾಸು ಹಲಗೆಯ ಮೇಲೆ ಬರೆದೆವು:
ಏನು ಬೇಕು. ಯಾವತ್ತಿಗೆ ಬೇಕು. ನಾಳೆ ಏನು ಮಾಡುತ್ತೀರಿ.
ಎರಡನೆಯದರಲ್ಲಿ ಖಾಲಿ ಕುರ್ಚಿಗೆ ವರದಿ ಒಪ್ಪಿಸಿದ,
ಎರಡು ನಿಮಿಷ, ಬೆವರುತ್ತ.
ಚಪ್ಪಾಳೆ ತಟ್ಟಿದೆ. ಇದು ನನಗೆ ಬರುವ ಕೆಲಸ.
ಮುಂದಿನ ಹೆಜ್ಜೆಗೆ ತಾರೀಖು ಹಾಕುವುದು,
ಆ ತಾರೀಖಿನ ದಿನ ಫೋನು ಮಾಡಿ ಕಾಡುವುದು.

ಮೂರನೆಯ ತಾಸಿಗೆ ಕೇಳಿದೆ, ಸುಮ್ಮನೆ,
ತರಬೇತಿಯಲ್ಲಿ ಕಲಿಸಿದ್ದ ಪ್ರಶ್ನೆ:
ದನಿ ನಿಂತಾಗ ಎದುರಿಗೆ ಏನು ಕಾಣುತ್ತದೆ?

'ಪ್ರೆಸ್ಸು' ಎಂದ.
'ಲಾಲಸಾಬನ ಕೈ ಒಳಗಿತ್ರಿ. ನಾ ನೋಡಿದ್ನಿ.
ಕೂಗಬೇಕಿತ್ತು. ಬಾಯಿ ತಗದ್ನಿ.
ಏನೂ ಬರಲಿಲ್ರಿ.
ಏಳು ವರ್ಷಾತು. ಯಾರ ಮುಂದೂ ಹೇಳಿಲ್ಲ,
ಮನ್ಯಾಕಿ ಮುಂದೂ.'

ಕೆಳಗೆ ಕನ್ನಡಕದವನು ಯಾರಿಗೋ ಅಕ್ಷರ ಓದಿಸುತ್ತಿದ್ದ,
ಈಗ ಹೇಗಿದೆ, ಈಗ ಹೇಗಿದೆ ಎಂದು
ಗಾಜು ಬದಲಿಸುತ್ತ.

ನನ್ನ ಕೈಯಲ್ಲಿ ಮಾರ್ಕರಿತ್ತು.
ಆಸೆಯಾಯಿತು, ಸುಳ್ಳೇಕೆ ಹೇಳಲಿ,
ಇನ್ನೊಂದು ಪ್ರಶ್ನೆ ಕೇಳಿಬಿಡಲೇ ಎಂದು.
ಅಳುವವರ ಮುಂದೆ ಕೂತವರಿಗೆ
ತಾವೇ ವೈದ್ಯರೆನಿಸುವುದು ಎಷ್ಟು ಸುಲಭ.
ಮುಚ್ಚಳ ಹಾಕಿದೆ. ಟಿಕ್ ಎಂದಿತು.

'ಬಾಳಪ್ಪನವರೇ, ನಾನು ಓಟ ಕಲಿಸುವವಳು.
ಮುರಿದ ಮೂಳೆ ಕೂಡಿಸುವವರು ಬೇರೆ.'
ಈ ಮಾತನ್ನು ಎಷ್ಟೋ ಜನಕ್ಕೆ ಹೇಳಿದ್ದೇನೆ,
ತಲೆಯಾಡಿಸುತ್ತಾರೆ. ಅವನು ಆಡಿಸಲಿಲ್ಲ.
'ಕಾಲು ಒಂದ ಅಲ್ಲೇನ್ರಿ ಮೇಡಂ, ಎರಡಕ್ಕೂ?'

ಉತ್ತರವಿರಲಿಲ್ಲ. ಈಗಲೂ ಇಲ್ಲ.
ಚೀಟಿಯಲ್ಲಿ ಬರೆದುಕೊಟ್ಟೆ: ಮೃಣಾಲ್ ಓಕ್,
ಸದಾಶಿವ ಪೇಟೆ, ಎರಡನೆಯ ಮಹಡಿ, ಲಿಫ್ಟಿಲ್ಲ.
'ನಾ ನಪಾಸಾದ್ನೇನ್ರಿ?' ಇಲ್ಲ.
'ಅವ್ರಿಗೆ ಕನ್ನಡ ಬರತೈತಿ?' ಇಲ್ಲ.
ನಿಮಗೆ ಮರಾಠಿ ಬರುತ್ತದಲ್ಲ, ಎಂದೆ.
'ಬರತೈತ್ರಿ. ಲೆಕ್ಕಕ್ಕ ಬರತೈತಿ. ಜಗಳಕ್ಕ ಬರತೈತಿ.'
ಚೀಟಿಯನ್ನು ನಾಲ್ಕು ಮಡಿಕೆ ಮಾಡಿ
ಐಡಿ ಕಾರ್ಡಿನ ಹಿಂದೆ ತುರುಕಿದ.

ಮುಂದಿನ ಗುರುವಾರ ಆ ತಾಸನ್ನು ಯಾರಿಗೂ ಕೊಡಲಿಲ್ಲ.
ಹಲಗೆ ಒರೆಸಲಿಲ್ಲ.
ಕಂಪನಿಯ ಹುಡುಗಿ ಫೋನಿನಲ್ಲಿ ಕೇಳಿದಳು,
ಬಿಲ್ಲು ಆರಕ್ಕೆ ತಾನೇ? ಮೂರಕ್ಕೆ, ಎಂದೆ.
ನಿಂತದ್ದಕ್ಕೆ ಕಾರಣ? ಒಂದು ಖಾನೆ ಇದೆ, ತುಂಬಬೇಕು.
ನನ್ನ ಕೆಲಸ ಅಷ್ಟೇ ಇತ್ತು ಅಂತ ಬರಕೊಳ್ಳಿ.

ದೀಪಾವಳಿ ಕಳೆದ ಮೇಲೆ ಮೊಬೈಲಿಗೆ ಅವನ ದನಿ,
ಹಿಂದೆ ಬಸ್ಸಿನವನ ಸ್ವಾರ್‌ಗೇಟ್ ಸ್ವಾರ್‌ಗೇಟ್:
'ಮೇಡಂ, ಸಂಕಟ ಆಗತೈತಿ ಅಂದ್ನಿ ಅವ್ರ ಮುಂದ.
ಮರಾಠ್ಯಾಗ ಸಂಕಟ ಅಂದ್ರ ಅಪಾಯ ಅಲ್ರಿ, ಮರತಿದ್ನಿ.
ಅವ್ರು ಪೆನ್ನು ಇಟ್ಟು ಕೇಳಿದ್ರು, ಯಾರಿಗೆ?
ಹೊಟ್ಟಿ ಮುಟ್ಟಿ ತೋರಿಸಿದ್ನಿ, ಇಲ್ಲೆ ಅಂತ.
ಆಮ್ಯಾಲೆ ಬಾಯಿಗೆ ತಾನ ಬಂತ್ರಿ,
ಲಾಲಸಾಬಗ ಅಂತ.
ಎರಡೂ ಖರೇನ ಅಲ್ಲೇನ್ರಿ?'

ಒಂದು ನಿಮಿಷ ನಲವತ್ತು ಸೆಕೆಂಡು,
ಎಲ್ಲೂ ತಡವರಿಸದೆ.
ಗಡಿಯಾರ ಹಿಡಿದೇ ಕೇಳಿದ್ದೆ.
ಅಭ್ಯಾಸ, ಬಿಡುವುದಿಲ್ಲ.